ಸೊಳ್ಳೆ ಕಡಲು ದಾಟಿತು, ತಿಳಿವಳಿಕೆ ದಾಟಬೇಡವೆ?

ಸೊಳ್ಳೆಗೆ ಪಾಸ್‌ಪೋರ್ಟು ಬೇಕಿಲ್ಲ. ಆದರೆ ಸೊಳ್ಳೆ ನಿಯಂತ್ರಿಸುವವರ ಅನುಭವ ಒಂದು ಊರಿನಿಂದ ಇನ್ನೊಂದು ಊರಿಗೆ ತಲುಪಬೇಕಾದರೆ ಯಾರಾದರೂ ಹೇಳಬೇಕು, ಯಾರಾದರೂ ಕೇಳಬೇಕು. ಮಲೇರಿಯಾ ವಿರುದ್ಧದ ನೂರಿಪ್ಪತ್ತು ವರ್ಷಗಳ ಹೋರಾಟದಲ್ಲಿ ಗೆದ್ದವರೆಲ್ಲ ಕಲಿತದ್ದನ್ನು ಹಂಚಿಕೊಂಡವರೇ.

ಆಫ್ರಿಕದ ಪೂರ್ವ ಅಂಚಿನಲ್ಲಿ, ಕೆಂಪು ಸಮುದ್ರದ ಬಾಯಲ್ಲಿ ಜಿಬೂಟಿ ಎಂಬ ಪುಟ್ಟ ದೇಶವಿದೆ. 2012ರಲ್ಲಿ ಅಲ್ಲಿ ವರದಿಯಾದ ಮಲೇರಿಯಾ ಪ್ರಕರಣಗಳು ಕೇವಲ 27. ಇನ್ನೇನು, ರೋಗ ಆ ದೇಶ ಬಿಟ್ಟು ತೊಲಗಿತೆಂದು ಎಲ್ಲರೂ ನೆಮ್ಮದಿಯ ಉಸಿರು ಬಿಡುವ ಹೊತ್ತು. ಆದರೆ ಅದೇ ವರ್ಷ ಆಫ್ರಿಕ ಖಂಡದಲ್ಲಿ ಅದುವರೆಗೆ ಕಂಡಿರದ ಒಂದು ಸೊಳ್ಳೆ ಜಿಬೂಟಿ ನಗರದಲ್ಲಿ ಸಿಕ್ಕಿತು. ಎಂಟು ವರ್ಷ ಕಳೆದು 2020 ಬಂದಾಗ ಪ್ರಕರಣಗಳ ಸಂಖ್ಯೆ 73 ಸಾವಿರವನ್ನು ಮೀರಿತ್ತು!

ಆ ಸೊಳ್ಳೆಯ ಹೆಸರು ಅನಾಫಿಲಿಸ್ ಸ್ಟೀಫೆನ್ಸೈ. ಇದು ಭಾರತಕ್ಕೆ ಹೊಸದಲ್ಲ. ಮುಂಬಯಿ, ದೆಹಲಿ, ಚೆನ್ನೈ, ಗೋವಾ, ಮಂಗಳೂರು ಎಲ್ಲ ಕಡೆಯೂ ಇದರ ಪರಿಚಯ ಹಳೆಯದು. 1901ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟದ್ದೂ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಲಿಸ್ಟನ್ ಎಂಬ ವೈದ್ಯರೇ. ಆಫ್ರಿಕದ ಇತರ ಮಲೇರಿಯಾ ಸೊಳ್ಳೆಗಳು ಹೆಚ್ಚಾಗಿ ಹಳ್ಳಿಗಾಡಿನವು. ಮಳೆ ನೀರಿನ ಗುಂಡಿ, ಜೌಗು, ಗದ್ದೆಬಯಲು ಅವುಗಳ ತವರು. ಸ್ಟೀಫೆನ್ಸೈ ಹಾಗಲ್ಲ. ಅದು ಪಟ್ಟಣವಾಸಿ. ಮಹಡಿಯ ಮೇಲಿನ ನೀರಿನ ಟ್ಯಾಂಕು, ನೆಲದೊಳಗಿನ ಸಂಪು, ಬಾವಿ, ಕಟ್ಟುತ್ತಿರುವ ಮನೆಯ ತೊಟ್ಟಿ, ಸಿಮೆಂಟಿಗೆ ಕಟ್ಟಿದ ಕ್ಯೂರಿಂಗ್ ನೀರು ಇವೇ ಅದಕ್ಕೆ ಪ್ರಿಯ. ಹೀಗಾಗಿ ಹಳ್ಳಿಯ ಜೌಗಿನಲ್ಲಿ ಸೊಳ್ಳೆ ಹುಡುಕಿ ಪಳಗಿದ ಆಫ್ರಿಕದ ಕೆಲಸಗಾರನಿಗೆ ಅದು ಎಲ್ಲಿ ಅಡಗಿದೆಯೆಂದು ಕೂಡಲೇ ಹೊಳೆಯುವುದು ಕಷ್ಟ. ಮುಂಬಯಿಯಲ್ಲಿ ಏಣಿ ಹತ್ತಿ ಟ್ಯಾಂಕಿನ ಮುಚ್ಚಳ ಎತ್ತಿ ನೋಡುವ ಪಾಲಿಕೆ ನೌಕರನಿಗೆ ಅದು ನಿತ್ಯದ ಕೆಲಸ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕದಲ್ಲಿ ಈ ಸೊಳ್ಳೆಯನ್ನು ತಡೆಯಲು ಐದು ಅಂಶಗಳ ಯೋಜನೆಯೊಂದನ್ನು ಪ್ರಕಟಿಸಿತು. ಆ ಐದರಲ್ಲಿ ಒಂದು, ಮಾಹಿತಿಯ ವಿನಿಮಯವನ್ನು ಉತ್ತಮಪಡಿಸುವುದು. ಮಾಹಿತಿಗೂ ಸ್ಥಾನ ಸಿಕ್ಕಿದ್ದಕ್ಕೆ ಕಾರಣವಿದೆ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಅಂದಾಜು 5 ಲಕ್ಷ 97 ಸಾವಿರ. ಅವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಆಫ್ರಿಕದವರು. ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು. ಹಳ್ಳಿಯ ರೋಗವೆನಿಸಿದ್ದ ಮಲೇರಿಯಾ ಅಲ್ಲಿಯ ಬೆಳೆಯುತ್ತಿರುವ ನಗರಗಳಿಗೂ ಕಾಲಿಟ್ಟರೆ ಗತಿಯೇನು?

ಸೌಟಿನ ವಿದ್ಯೆ

ಸೊಳ್ಳೆ ನಿಯಂತ್ರಣವೆಂದರೆ ಹೊಗೆ ಬಿಡುವ ಯಂತ್ರ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಬೀದಿಯಲ್ಲಿ ಹೊಗೆಯ ಗಾಡಿ ಬಂದರೆ ಜನಕ್ಕೂ ಸಮಾಧಾನ, ಊರ ಪ್ರಮುಖರಿಗೂ ಸಮಾಧಾನ. ಆದರೆ ಈ ಕಸುಬಿನಲ್ಲಿ ಪಳಗಿದವರು ಹೇಳುವ ಮಾತು ಬೇರೆ. ಹೊಗೆ ಸಾಯಿಸುವುದು ಆ ಹೊತ್ತಿನಲ್ಲಿ ಹಾರಾಡುವ ಸೊಳ್ಳೆಯನ್ನು ಮಾತ್ರ. ತೊಟ್ಟಿಯಲ್ಲಿರುವ ಮರಿಗೆ ಅದರಿಂದ ಏನೂ ಆಗುವುದಿಲ್ಲ. ನಾಲ್ಕು ದಿನ ಕಳೆದರೆ ಆ ಮರಿಗಳೇ ರೆಕ್ಕೆ ಬಿಚ್ಚಿ ಬರುತ್ತವೆ. ಆದ್ದರಿಂದ ನಿಜವಾದ ಯುದ್ಧ ನಡೆಯುವುದು ನೀರಿನಲ್ಲಿ.

ಆ ಯುದ್ಧದ ಆಯುಧ ಉದ್ದ ಹಿಡಿಯ ಒಂದು ಬಿಳಿ ಸೌಟು. ಬಿಳಿ ಏಕೆಂದರೆ ಅದರಲ್ಲಿ ಮರಿಗಳು ಎದ್ದು ಕಾಣುತ್ತವೆ. ನೋಡಲು ಬಹಳ ಸುಲಭದ ಕೆಲಸ. ಮಾಡಲು ಹೋದಾಗ ಗೊತ್ತಾಗುತ್ತದೆ ಅದರ ಕಷ್ಟ. ನೀರಿನ ಮೇಲೆ ನೆರಳು ಬಿದ್ದರೆ ಸಾಕು, ಮರಿಗಳು ಬುಳಕ್ಕನೆ ತಳ ಸೇರುತ್ತವೆ. ಹಾಗಾಗಿ ಪಳಗಿದವನು ತನ್ನ ನೆರಳು ನೀರಿಗೆ ಬೀಳದ ದಿಕ್ಕಿನಿಂದ ಬರುತ್ತಾನೆ. ಸೌಟನ್ನು ಕಲಕದೆ ಓರೆಯಾಗಿ ಇಳಿಸುತ್ತಾನೆ. ನಡುನೀರಿಗಿಂತ ಅಂಚಿನಲ್ಲಿ, ಪಾಚಿಯ ಮಗ್ಗುಲಲ್ಲಿ, ಮೂಲೆಯಲ್ಲಿ ಹುಡುಕುತ್ತಾನೆ. ಮರಿ ತಳಕ್ಕೆ ಇಳಿದರೆ ಎರಡು ಮೂರು ನಿಮಿಷ ಸುಮ್ಮನೆ ಕಾಯುತ್ತಾನೆ. ಉಸಿರಾಡಲು ಅದು ಮೇಲೆ ಬರಲೇಬೇಕಲ್ಲ!

ಸಿಕ್ಕ ಮರಿಯನ್ನು ನೋಡಿಯೇ ಅದು ಯಾರ ಪೈಕಿ ಎಂದು ಹೇಳಬಹುದು. ನೀರಿನ ಮೇಲ್ಮೈಗೆ ಸಮವಾಗಿ ಅಡ್ಡ ಮಲಗಿದ್ದರೆ ಅದು ಅನಾಫಿಲಿಸ್, ಮಲೇರಿಯಾದ ವಂಶ. ತಲೆ ಕೆಳಗಾಗಿ ಓರೆಯಾಗಿ ತೂಗುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಏಡಿಸ್. ಕೊಳಕು ಚರಂಡಿಯಲ್ಲಿದ್ದರೆ ಹೆಚ್ಚಾಗಿ ಕ್ಯೂಲೆಕ್ಸ್, ಮನೆಯ ಡ್ರಮ್ಮು, ಹೂಕುಂಡದ ತಟ್ಟೆ, ಹಳೆಯ ಟೈರಿನ ತಿಳಿನೀರಿನಲ್ಲಿದ್ದರೆ ಡೆಂಗಿ ಹರಡುವ ಏಡಿಸ್. ಒಂದೊಂದು ಸೊಳ್ಳೆಗೂ ಒಂದೊಂದು ನೀರು, ಒಂದೊಂದು ಉಪಾಯ.

ಇದರಲ್ಲಿ ಕೆಲವು ಸಂಗತಿಗಳು ಪುಸ್ತಕದಲ್ಲಿ ಇವೆ. ಆದರೆ ಯಾವ ಮನೆಯವರು ಬಾಗಿಲು ತೆರೆಯುತ್ತಾರೆ, ಯಾವ ಹೊತ್ತಿಗೆ ಹೋದರೆ ಮಹಡಿಯ ಬೀಗದ ಕೈ ಸಿಗುತ್ತದೆ, ಮುಚ್ಚಳ ಇದ್ದೂ ಓವರ್‌ಫ್ಲೋ ಕೊಳವೆಯಿಂದ ಸೊಳ್ಳೆ ಒಳಗೆ ಹೋಗುವುದು ಹೇಗೆ ಎಂಬುದನ್ನೆಲ್ಲ ಕಲಿಸುವುದು ಹಿರಿಯ ಸಹೋದ್ಯೋಗಿಯೇ. ಅವರು ನಿವೃತ್ತರಾಗುವ ಮೊದಲು ಯಾರಾದರೂ ಕೇಳಿ ಬರೆದಿಟ್ಟುಕೊಳ್ಳದಿದ್ದರೆ ಆ ವಿದ್ಯೆ ಅವರೊಂದಿಗೇ ಮನೆಗೆ ಹೋಗುತ್ತದೆ.

ಬೆಂಗಳೂರಿನ ಪೀಪಾಯಿ, ಲಂಡನ್ನಿನ ಪತ್ರ

ಸೊಳ್ಳೆ ನಿಯಂತ್ರಣದ ಕತೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ವೈದ್ಯ ಬೆಂಗಳೂರಿನ ದಂಡಿಗೆ ಬಂದ. ಬಂಗಲೆಯಲ್ಲಿ ಸೊಳ್ಳೆಗಳ ಕಾಟ. ಹುಡುಕಿದಾಗ ಹತ್ತಿರದ ಪೀಪಾಯಿಯ ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದವು. ನೀರು ಚೆಲ್ಲಿಸಿದ, ಕಾಟ ಇಳಿಯಿತು. ಹೀಗೆಯೇ ಉಳಿದ ಕಡೆಯೂ ಮಾಡೋಣವೆಂದು ದಂಡಿನ ಅಧಿಕಾರಿಗೆ ಹೇಳಿದಾಗ ಆತ ಒಪ್ಪಲಿಲ್ಲವಂತೆ. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ಆಗ ರಾಸ್‌ಗೂ ಗೊತ್ತಿರಲಿಲ್ಲ.

ಆ ನಂಟಿನ ಸುಳಿವು ಕೊಟ್ಟವರು ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್. 1894ರಲ್ಲಿ ಇಬ್ಬರ ಭೇಟಿಯಾಯಿತು. ರಾಸ್ ಭಾರತಕ್ಕೆ ಮರಳಿದ ಮೇಲೆ ಇಬ್ಬರ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಹಡಗಿನಲ್ಲಿ ಓಡಾಡಿದವು. ಇಂದು ಇಷ್ಟು ಸೊಳ್ಳೆ ಕೊಯ್ದೆ, ಏನೂ ಕಾಣಲಿಲ್ಲ ಎಂಬ ನಿರಾಶೆಯ ಸುದ್ದಿಯನ್ನೂ ರಾಸ್ ಬರೆಯುತ್ತಿದ್ದ. ಹೀಗೆ ಮಾಡಿ ನೋಡಿ, ಬಿಡಬೇಡಿ ಎಂದು ಮ್ಯಾನ್ಸನ್ ಉತ್ತರಿಸುತ್ತಿದ್ದರು. ಕೊನೆಗೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿ ಕಾಣಿಸಿತು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಅದೇ ವರ್ಷ ಅವರು ಸೊಳ್ಳೆ ದಳಗಳನ್ನು ಕಟ್ಟುವುದು ಹೇಗೆಂದು ತಿಳಿಸುವ ಸಣ್ಣ ಪುಸ್ತಕವನ್ನೂ ಹೊರತಂದರು. ಪ್ರಯೋಗಶಾಲೆಯ ಸತ್ಯವನ್ನು ಬೀದಿಯ ಕೆಲಸಗಾರನ ಕೈಗೆ ಇಡುವ ಪುಸ್ತಕವದು.

ಅತ್ತ ಕ್ಯೂಬಾದ ಹವಾನಾದಲ್ಲಿ 1901ರಲ್ಲಿ ವಿಲಿಯಂ ಗೋರ್ಗಾಸ್ ಎಂಬ ಸೇನಾ ವೈದ್ಯ ಮನೆಮನೆಯ ನೀರಿನ ಪಾತ್ರೆಗಳನ್ನು ಪರೀಕ್ಷಿಸಿ ಹಳದಿ ಜ್ವರವನ್ನು ಓಡಿಸಿದ್ದರು. ಅದೇ ಅನುಭವವನ್ನು ಅವರು ಪನಾಮಾಕ್ಕೆ ಒಯ್ದರು. 1904ರಲ್ಲಿ ರಾಸ್ ಅಲ್ಲಿಗೂ ಹೋಗಿ ನೋಡಿ ಬಂದರು. ಫ್ರೆಂಚರು ಅರ್ಧಕ್ಕೆ ಬಿಟ್ಟಿದ್ದ ಕಾಲುವೆ 1914ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ಎಂಜಿನಿಯರುಗಳ ಪಾಲೆಷ್ಟೋ ಸೊಳ್ಳೆ ಇನ್‌ಸ್ಪೆಕ್ಟರುಗಳ ಪಾಲೂ ಅಷ್ಟೇ.

ಬ್ರೆಜಿಲ್ ಕಲಿತದ್ದು ಈಜಿಪ್ಟಿಗೆ

ಪರದೇಶದ ಸೊಳ್ಳೆ ಬಂದು ಕಾಡುವುದು ಜಿಬೂಟಿಗೇ ಮೊದಲಲ್ಲ. 1930ರಲ್ಲಿ ಆಫ್ರಿಕದ ಅನಾಫಿಲಿಸ್ ಗ್ಯಾಂಬಿಯೇ ಎಂಬ ಸೊಳ್ಳೆ ಬ್ರೆಜಿಲ್ಲಿನ ನಟಾಲ್ ಬಂದರಿನ ಬಳಿ ಕಾಣಿಸಿಕೊಂಡಿತು. ಮೊದಲು ಯಾರೂ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. 1938ರ ಹೊತ್ತಿಗೆ ಈಶಾನ್ಯ ಬ್ರೆಜಿಲ್ಲಿನಲ್ಲಿ ಸಾವಿರಾರು ಜನ ಸತ್ತರು. ಆಗ ರಾಕ್‌ಫೆಲರ್ ಪ್ರತಿಷ್ಠಾನದ ಫ್ರೆಡ್ ಸೋಪರ್ ಮತ್ತು ಬ್ರೆಜಿಲ್ ಸರ್ಕಾರ ಸೇರಿ ಹೊಸ ದಳವೊಂದನ್ನು ಕಟ್ಟಿದರು.

ಸೋಪರ್ ಶಿಸ್ತಿನ ಮನುಷ್ಯ. ಪ್ರತಿ ನೌಕರನಿಗೂ ಒಂದು ನಕ್ಷೆ, ಒಂದು ವೇಳಾಪಟ್ಟಿ. ಇಂಥ ಗಂಟೆಗೆ ಇಂಥ ಜಾಗದಲ್ಲಿ ಇರಲೇಬೇಕು. ಹಿಂದಿನಿಂದ ಮೇಲ್ವಿಚಾರಕ ಬಂದು ಮತ್ತೆ ಪರೀಕ್ಷಿಸುತ್ತಾನೆ. ಅವರ ಬಗ್ಗೆ ಒಂದು ಕತೆ ಇಂದಿಗೂ ಪ್ರಚಲಿತ. ಒಮ್ಮೆ ಮದ್ದುಗುಂಡಿನ ಕೋಠಿಯೊಂದು ಸಿಡಿಯಿತಂತೆ. ವೇಳಾಪಟ್ಟಿಯ ಪ್ರಕಾರ ಆ ಹೊತ್ತಿಗೆ ಅಲ್ಲಿರಬೇಕಾಗಿದ್ದ ನೌಕರ ಸತ್ತನೆಂದು ಸೋಪರ್ ಅವನ ಹೆಂಡತಿಗೆ ಸಾಂತ್ವನ ಕಳಿಸಿದರು. ಮರುದಿನ ಆಸಾಮಿ ಗಟ್ಟಿಮುಟ್ಟಾಗಿ ಪ್ರತ್ಯಕ್ಷ! ಬದುಕಿದ ತಪ್ಪಿಗೆ ಅವನ ಕೆಲಸ ಹೋಯಿತು.

1940ರ ಕೊನೆಗೆ ಆ ಸೊಳ್ಳೆ ಬ್ರೆಜಿಲ್ಲಿನಿಂದ ನಿರ್ನಾಮವಾಯಿತು. ಸೋಪರ್ ಅಲ್ಲಿಗೇ ಸುಮ್ಮನಾಗಲಿಲ್ಲ. ಎಲ್ಲಿ ಎಡವಿದೆವು, ಯಾವುದು ಫಲ ಕೊಟ್ಟಿತು ಎಂದು ಸಹೋದ್ಯೋಗಿಯೊಡನೆ ಸವಿಸ್ತಾರ ಪುಸ್ತಕ ಬರೆದು 1943ರಲ್ಲಿ ಪ್ರಕಟಿಸಿದರು. ಅದೇ ಸಮಯಕ್ಕೆ ಅದೇ ಸೊಳ್ಳೆ ನೈಲ್ ನದಿಯ ಗುಂಟ ಈಜಿಪ್ಟಿಗೆ ನುಗ್ಗಿತ್ತು. ಬ್ರೆಜಿಲ್ಲಿನ ಕ್ರಮವನ್ನೇ ಅಲ್ಲಿ ಅನುಸರಿಸಲಾಯಿತು. 1945ರಲ್ಲಿ ಈಜಿಪ್ಟ್ ಕೂಡ ಮುಕ್ತವಾಯಿತು. ಒಂದು ದೇಶಕ್ಕೆ ಹತ್ತು ವರ್ಷ ಹಿಡಿದ ಪಾಠವನ್ನು ಇನ್ನೊಂದು ದೇಶ ಮೂರೇ ವರ್ಷದಲ್ಲಿ ಕಲಿಯಿತು.

ಅಮೆರಿಕದಲ್ಲಿ ಇಂಥ ಹಂಚಿಕೆಗೆ ಸಂಘಗಳೇ ಹುಟ್ಟಿದವು. 1935ರಲ್ಲಿ ಪೂರ್ವ ರಾಜ್ಯಗಳ ಸೊಳ್ಳೆ ನಿಯಂತ್ರಣ ಕೆಲಸಗಾರರು ಸೇರಿ ಕಟ್ಟಿದ ಸಂಘ ಮುಂದೆ ಅಮೆರಿಕನ್ ಸೊಳ್ಳೆ ನಿಯಂತ್ರಣ ಸಂಘವಾಯಿತು. ಅದರ ಪತ್ರಿಕೆಗೆ ವಿಜ್ಞಾನಿಗಳೂ ಬರೆದರು, ಗುಂಡಿ ತೋಡಿ ಎಣ್ಣೆ ಸಿಂಪಡಿಸಿದವರೂ ಬರೆದರು. 1998ರಲ್ಲಿ ಅದೇ ಸಂಘದ ಪತ್ರಿಕೆಯಲ್ಲಿ ಗೋವಾದ ವರದಿಯೊಂದು ಪ್ರಕಟವಾಯಿತು. ಸ್ಟೀಫೆನ್ಸೈ ಸೊಳ್ಳೆಯ ಮರಿಗಳ ಮೇಲೆ ಬಿ.ಟಿ.ಐ. ಎಂಬ ಬ್ಯಾಕ್ಟೀರಿಯಾ ಮತ್ತು ಒಂದು ಸ್ಥಳೀಯ ಪುಟ್ಟ ಮೀನನ್ನು ಬಳಸಿದ ಪ್ರಯೋಗದ ವರದಿಯದು. ಆ ಬ್ಯಾಕ್ಟೀರಿಯಾ ಸಿಕ್ಕಿದ್ದು 1976ರಲ್ಲಿ ಇಸ್ರೇಲಿನಲ್ಲಿ, ಬಳಸಿದ್ದು ಗೋವಾದಲ್ಲಿ, ಓದಿದ್ದು ಜಗತ್ತೆಲ್ಲ. ಹಂಚಿಕೆಯೆಂದರೆ ಇದೇ ತಾನೆ?

ಧಾರವಾಡದಿಂದ ದೇಶಕ್ಕೆ

ಕರ್ನಾಟಕದ ಅಜ್ಜ ಅಜ್ಜಿಯರಿಗೆ ಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದು, ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದ ಸಿಬ್ಬಂದಿಯ ನೆನಪಿರಬಹುದು. ಆ ಕ್ರಮದ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಒಂದು ನಡೆದದ್ದು ಆಗಿನ ಮುಂಬಯಿ ಪ್ರಾಂತದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ. ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೇ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅದನ್ನು ಕೈಗೊಂಡರು. ಮಲೆನಾಡಿನ ತೊರೆಗಳಲ್ಲಿ ಬೆಳೆಯುವ ಸೊಳ್ಳೆ ಒಂದು ಬಗೆ, ಬಯಲಿನ ಬಾವಿ ಹಳ್ಳಗಳಲ್ಲಿ ಬೆಳೆಯುವುದು ಇನ್ನೊಂದು ಬಗೆ. ಎರಡರ ವಿರುದ್ಧವೂ ಗೋಡೆಗೆ ಹೊಡೆದ ಔಷಧ ಕೆಲಸ ಮಾಡಿತು. ಅವರು ಫಲಿತಾಂಶವನ್ನು ಬರೆದು ಪ್ರಕಟಿಸಿದರು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಂಥ ಅನುಭವಗಳೇ ಬುನಾದಿಯಾದವು. ರಾಮಚಂದ್ರ ರಾವ್ ಮುಂದೆ ಭಾರತದ ಅನಾಫಿಲಿಸ್ ಸೊಳ್ಳೆಗಳ ಕುರಿತು ಬರೆದ ಗ್ರಂಥ ಈ ಕ್ಷೇತ್ರದವರಿಗೆಲ್ಲ ಕೈಪಿಡಿಯಾಯಿತು.

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1965ರ ವೇಳೆಗೆ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು. ರೋಗ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಆದರೆ 1976ರಲ್ಲಿ 64 ಲಕ್ಷ ಪ್ರಕರಣಗಳು! ಔಷಧಕ್ಕೆ ಸೊಳ್ಳೆ ಒಗ್ಗಿಕೊಂಡದ್ದು, ಪೂರೈಕೆಯ ಕೊರತೆ, ನಗರಗಳ ನಿರ್ಲಕ್ಷ್ಯ ಹೀಗೆ ಕಾರಣಗಳು ಹಲವು. ಗೋಡೆಗೆ ಹೊಡೆಯುವ ಔಷಧವನ್ನೇ ನೆಚ್ಚಿಕೊಂಡಾಗ ನೀರಿನಲ್ಲಿ ಮರಿ ಹುಡುಕುವ ಹಳೆಯ ಅಭ್ಯಾಸ ಹಿಂದೆ ಸರಿದದ್ದೂ ನಿಜ. ಮರೆತ ಪಾಠವನ್ನು ಮತ್ತೆ ಕಲಿಯಲು ದೇಶ ದೊಡ್ಡ ಬೆಲೆ ತೆರಬೇಕಾಯಿತು.

ಬಾವಿಯಲ್ಲಿ ಮೀನು, ಬಯಲಲ್ಲಿ ನಾಟಕ

1983ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರ ಹೊಸ ಪ್ರಯೋಗಕ್ಕೆ ಕೈ ಹಾಕಿತು. ವಿ.ಪಿ. ಶರ್ಮಾ ಅದರ ನೇತೃತ್ವ ವಹಿಸಿದ್ದರು. ಗುಂಡಿ ಮುಚ್ಚುವುದು, ನೀರು ಹರಿಯಬಿಡುವುದು, ಬಾವಿ ತೊಟ್ಟಿಗಳಿಗೆ ಗಪ್ಪಿ ಮೀನು ಬಿಡುವುದು, ಊರವರನ್ನು ಜೊತೆಗೆ ಸೇರಿಸಿಕೊಳ್ಳುವುದು, ಇದಿಷ್ಟೇ ವಿಧಾನ. ಅಲ್ಲಿ ಕಲಿತದ್ದು ಬೇರೆ ರಾಜ್ಯಗಳಿಗೂ ಹಬ್ಬಿತು.

ಕರ್ನಾಟಕದ ಹಳ್ಳಿಗಳಲ್ಲಿ ಈ ಕೆಲಸ ನಡೆದಾಗ ಒಂದು ಸ್ವಾರಸ್ಯದ ಸಂಗತಿ ಗೊತ್ತಾಯಿತು. ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಯಲ್ಲಿ ಒಡಹುಟ್ಟು ಜಾತಿಗಳಿವೆ. ಬರಿಗಣ್ಣಿಗೆ ಎಲ್ಲವೂ ಒಂದೇ. ಆದರೆ ರೋಗ ಹರಡುವುದರಲ್ಲಿ ಎಲ್ಲವೂ ಸಮಾನವಲ್ಲ. ರೋಗ ತರುವ ಜಾತಿ ಇಲ್ಲಿ ಬಾವಿಗಳಲ್ಲಿ ಬೆಳೆಯುತ್ತಿತ್ತು. ಹಾಗಾದರೆ ಊರಿನ ಹಳ್ಳಕೊಳ್ಳಗಳನ್ನೆಲ್ಲ ಬೆನ್ನಟ್ಟಬೇಕಿಲ್ಲ. ಬಾವಿಗೆ ಮೀನು ಬಿಟ್ಟರೆ ಶತ್ರುವಿನ ಮನೆಗೇ ಕಾವಲು ಹಾಕಿದಂತೆ.

ಇದನ್ನು ಊರವರಿಗೆ ತಿಳಿಸುವುದು ಹೇಗೆ? ಭಾಷಣ ಬಿಗಿದರೆ ಯಾರು ಕೂರುತ್ತಾರೆ? 2001ರ ಡಿಸೆಂಬರ್‌ನಲ್ಲಿ ರಾಜ್ಯದ ಮಲೇರಿಯಾಪೀಡಿತ ಹಳ್ಳಿಗಳಲ್ಲಿ ಕಲಾಜಾಥಾ ನಡೆಯಿತು. ಸ್ಥಳೀಯ ಕಲಾವಿದರು ಸಂಜೆಯ ಹೊತ್ತು ಹಾಡು, ನಾಟಕಗಳಲ್ಲಿ ಸೊಳ್ಳೆ, ಜ್ವರ, ಮೀನುಗಳ ಕತೆ ಹೇಳಿದರು. ಆ ಅನುಭವವೂ ಮುಂದೆ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿ, ಬೇರೆ ದೇಶದವರ ಓದಿಗೆ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆಯೂ ಸೇರಿಕೊಂಡಿದೆ. ಗಪ್ಪಿ, ಗ್ಯಾಂಬೂಸಿಯಾ ಎರಡೂ ಹೊರಗಿನಿಂದ ಬಂದ ಮೀನುಗಳು. ಮುಚ್ಚಿದ ಬಾವಿ, ತೊಟ್ಟಿಗಳಿಗೆ ಸರಿ. ಕೆರೆ ಹೊಳೆಗಳಿಗೆ ಬಿಟ್ಟರೆ ನಾಡಿನ ಮೀನುಗಳಿಗೇ ಕುತ್ತು. ಈ ತಿಳಿವಳಿಕೆಯೂ ಎಲ್ಲೋ ಆದ ತಪ್ಪಿನಿಂದಲೇ ಬಂದದ್ದು. ಗೆದ್ದದ್ದನ್ನು ಹೇಳಿಕೊಳ್ಳುವುದು ಸುಲಭ, ಸೋತದ್ದನ್ನು ಹೇಳಿದರೆ ಮಾತ್ರ ಇನ್ನೊಬ್ಬ ಅದೇ ಗುಂಡಿಗೆ ಬೀಳುವುದು ತಪ್ಪುತ್ತದೆ.

ಮಂಗಳೂರಿನಲ್ಲಿ ಕಟ್ಟಡಗಳು ಏಳತೊಡಗಿದ ಹಾಗೆ ಮಲೇರಿಯಾವೂ ಏರಿತ್ತು. 2015ರಲ್ಲಿ ಅಲ್ಲಿಯ ಪಾಲಿಕೆ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟು, ರೋಗಿಯ ವಿಳಾಸ ಬೇಗ ತಲುಪುವ ಏರ್ಪಾಡು ಮಾಡಿತು. ಪತ್ರ ಹೋಗಿ ಟ್ಯಾಬ್ ಬಂದರೂ ಕೆಲಸದ ತಿರುಳು ಒಂದೇ. ಒಬ್ಬನಿಗೆ ಗೊತ್ತಾದದ್ದು ಹೊತ್ತಿಗೆ ಸರಿಯಾಗಿ ಇನ್ನೊಬ್ಬನಿಗೆ ಗೊತ್ತಾಗಬೇಕು.

ವಿದ್ಯಾರ್ಥಿಗಳು ಏನು ಮಾಡಬಹುದು?

ರೋಗ ದೂರದ ಜಿಬೂಟಿಯಲ್ಲಷ್ಟೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸುವ ನಿಯಮ ತಂದಿತು. ಡೆಂಗಿಯ ಏಡಿಸ್ ಮತ್ತು ಮಲೇರಿಯಾದ ಸ್ಟೀಫೆನ್ಸೈ ಎಷ್ಟೋ ವೇಳೆ ಒಂದೇ ತೊಟ್ಟಿಯನ್ನು ಹಂಚಿಕೊಳ್ಳುತ್ತವೆ. ಇಥಿಯೋಪಿಯದಲ್ಲೂ ಹಾಗೇ ಕಂಡುಬಂದಿದೆ. ಅಂದರೆ ಒಂದು ಮುಚ್ಚಳ ಎತ್ತಿ ನೋಡಿದರೆ ಎರಡು ರೋಗಗಳ ಮೇಲೆ ಕಣ್ಣಿಟ್ಟಂತೆ.

ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದಲೇ ವಾರಕ್ಕೊಂದು ದಿನ ಮನೆಯ ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡಬೇಕೆಂಬ ನಿಯಮ. ಬರಿದು ಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ನಾರು ಹಾಕಿ ತಿಕ್ಕಬೇಕು. ಏಡಿಸ್ ತನ್ನ ಮೊಟ್ಟೆಯನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ. ಅದು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ತುಂಬಿದೊಡನೆ ಒಡೆಯುತ್ತದೆ. ಟ್ಯಾಂಕಿಗೆ ಬಿಗಿಯಾದ ಮುಚ್ಚಳ, ಓವರ್‌ಫ್ಲೋ ಕೊಳವೆಗೆ ಬಲೆ ಇರಲಿ. ಆಶಾ ಕಾರ್ಯಕರ್ತೆಯೋ ಆರೋಗ್ಯ ಸಹಾಯಕರೋ ಬಂದಾಗ ಬಾಗಿಲಲ್ಲೇ ಮಾತಾಡಿ ಕಳಿಸದೆ ಹಿತ್ತಿಲಿಗೆ ಕರೆದೊಯ್ದು ತೋರಿಸುವುದು ಒಳ್ಳೆಯದು. ಮಕ್ಕಳೂ ಜೊತೆಗಿದ್ದರೆ ಅವರಿಗೆ ಪುಕ್ಕಟೆ ಪಾಠ.

ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಇಟ್ಟುಕೊಂಡು ಮರಿಯ ಗುರುತು ಹಿಡಿಯುವುದನ್ನು ಕಲಿಸಬಹುದು. ತರಗತಿಯ ಮಕ್ಕಳು ತಮ್ಮ ಬೀದಿಯಲ್ಲಿ ಎಲ್ಲಿ ಮರಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂದು ಎರಡನ್ನೂ ಬರೆದಿಟ್ಟರೆ ಅದೂ ಒಂದು ನಕ್ಷೆಯಾಗುತ್ತದೆ. ಸಿಗಲಿಲ್ಲ ಎಂಬುದೂ ಉಪಯುಕ್ತ ಮಾಹಿತಿಯೇ.

ಈ ವಿಷಯದಲ್ಲಿ ಮುಂದೆ ಓದಬೇಕೆನ್ನುವವರಿಗೂ ದಾರಿಯಿದೆ. 1975ರಲ್ಲಿ ಪುದುಚೇರಿಯಲ್ಲಿ ಸ್ಥಾಪನೆಯಾದ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ್ದು. ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದ ಸ್ನಾತಕೋತ್ತರ ಶಿಕ್ಷಣಕ್ಕೆ ಅದು ಹೆಸರಾಗಿದೆ. ಡಾಕ್ಟರು, ಎಂಜಿನಿಯರು ಎಂಬ ಎರಡೇ ಹಾದಿಗಳನ್ನು ನೋಡುವ ತಂದೆತಾಯಿಯರು ಈ ಕಡೆಗೂ ಕಣ್ಣು ಹಾಯಿಸಬಹುದು. ಜೀವಶಾಸ್ತ್ರದಲ್ಲಿ ಆಸಕ್ತಿ, ಬಿಸಿಲಲ್ಲಿ ಅಲೆಯುವ ತಾಳ್ಮೆ, ಅಪರಿಚಿತರ ಬಾಗಿಲು ತಟ್ಟಿ ನಯವಾಗಿ ಮಾತಾಡುವ ಗುಣ ಇದ್ದವರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ.

ಕೀಟನಾಶಕಕ್ಕೆ ಸೊಳ್ಳೆ ಒಗ್ಗಿಕೊಳ್ಳುತ್ತದೆ, ಹೊಸ ಊರಿಗೆ ಹೊಂದಿಕೊಳ್ಳುತ್ತದೆ. ಕಲಿತ ಪಾಠವನ್ನು ಅದು ಮೊಟ್ಟೆಯ ಮೂಲಕವೇ ಮುಂದಿನ ಪೀಳಿಗೆಗೆ ದಾಟಿಸುತ್ತದೆ. ಮನುಷ್ಯನಿಗೆ ಆ ಸೌಲಭ್ಯವಿಲ್ಲ. ಅವನು ಬಾಯಿಬಿಟ್ಟು ಹೇಳಬೇಕು, ಕುಳಿತು ಬರೆಯಬೇಕು, ಕಿವಿಗೊಟ್ಟು ಕೇಳಬೇಕು.